ಯೆಹೂದ್ಯ ಇತಿಹಾಸಕಾರ ಜೋಸೆಫಸ್

ಶುಭಸಂದೇಶಗಳಲ್ಲಿ ಬರುವ ಪಿಲಾತ, ಹೆರೋದ, ಕಾಯಫ ಇವರ ವೃತ್ತಾಂತವನ್ನು ಬೈಬಲಿನ ಹೊರಗೆ ಅರಸುವವರು ಮೊದಲು ತೆರೆಯುವುದು ಜೋಸೆಫಸನ ಗ್ರಂಥಗಳನ್ನು. ಪ್ರಭು ಯೇಸುವಿನ ಮರಣದ ಕೆಲವೇ ವರ್ಷಗಳ ತರುವಾಯ, ಕ್ರಿ.ಶ. 37ರ ಸುಮಾರಿಗೆ, ಅವನು ಜೆರುಸಲೇಮಿನ ಯಾಜಕ ಮನೆತನವೊಂದರಲ್ಲಿ ಜನಿಸಿದನು.

ಜುದೇಯ ನಾಡು ಆಗ ರೋಮಿನ ಅಧೀನದಲ್ಲಿತ್ತು. ಯಾಜಕರಲ್ಲಿ ಅನೇಕರು ಆ ಆಳ್ವಿಕೆಗೆ ಹೊಂದಿಕೊಂಡಿದ್ದರು. ದೇವಾಲಯದಲ್ಲಿ ಚಕ್ರವರ್ತಿಯ ಕ್ಷೇಮಕ್ಕಾಗಿ ದಿನವೂ ಬಲಿಯರ್ಪಣೆ ನಡೆಯುತ್ತಿತ್ತು. ದೇವರೊಬ್ಬನೇ ಅರಸನೆಂದು ಸಾರಿದವರಿಗಾದರೋ ತೆರಿಗೆ ಕೊಡುವುದೇ ದಾಸ್ಯವಾಗಿ ತೋರಿತು. ತೆರಿಗೆಯ ಪ್ರಶ್ನೆಯೊಡ್ಡಿ ಯೇಸುವನ್ನು ಸಿಲುಕಿಸಲೆತ್ನಿಸಿದವರು ಇದೇ ಕಲಹವನ್ನು ಬಳಸಿಕೊಂಡರು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಜೋಸೆಫಸ್, ಬಂದಿಗಳಾಗಿದ್ದ ಕೆಲವು ಯಾಜಕರನ್ನು ಬಿಡಿಸಲು ರೋಮಿಗೆ ಹೊರಟನು. ಹಡಗು ಮುಳುಗಿತು, ಸುಮಾರು 600 ಮಂದಿಯಲ್ಲಿ 80 ಮಂದಿ ಮಾತ್ರ ಬದುಕಿದರು. ಹೋದ ಕಾರ್ಯ ಕೈಗೂಡಿತು. ರೋಮಿನ ಬಲವನ್ನು ಕಣ್ಣಾರೆ ಕಂಡು ಮರಳಿದಾಗ ತಾಯ್ನಾಡು ಕುದಿಯುತ್ತಿತ್ತು. 66ರಲ್ಲಿ ರಾಜ್ಯಪಾಲ ಫ್ಲೋರಸನು ದೇವಾಲಯದ ಭಂಡಾರದಿಂದ 17 ತಲಾಂತು ಹಣ ತೆಗೆಸಿದನು. ಪ್ರತಿಭಟಿಸಿದವರ ರಕ್ತ ಹರಿಯಿತು. ಚಕ್ರವರ್ತಿಗಾಗಿ ಅರ್ಪಿಸುತ್ತಿದ್ದ ಬಲಿ ನಿಂತಿತು. ಅದೇ ಯುದ್ಧದ ಘೋಷಣೆಯಾಯಿತು.

ಗೆಲುವಿನ ನಂಬಿಕೆಯಿಲ್ಲದಿದ್ದರೂ ಜೋಸೆಫಸ್ ಗಲಿಲೇಯದ ದಂಡನಾಯಕನಾದನು. 67ರಲ್ಲಿ ಜೊತಪಾತ ಕೋಟೆ 47 ದಿನಗಳ ಮುತ್ತಿಗೆಯ ನಂತರ ಬಿದ್ದಿತು. ಗುಹೆಯಲ್ಲಿ ಅಡಗಿದ್ದ 40 ಸಂಗಾತಿಗಳು ಶರಣಾಗತಿಗಿಂತ ಸಾವೇ ಲೇಸೆಂದರು. ಒಬ್ಬರನ್ನೊಬ್ಬರು ಕೊಲ್ಲಲು ಚೀಟಿ ಎತ್ತಲಾಯಿತು; ಕಡೆಗೆ ಉಳಿದವರು ಜೋಸೆಫಸ್ ಮತ್ತು ಇನ್ನೊಬ್ಬ. ಇದು ದೈವಯೋಗವೋ ಕೈಚಳಕವೋ ವಾಚಕರೇ ಊಹಿಸಬಹುದು. ಶರಣಾದವನು ಸೇನಾಪತಿ ವೆಸ್ಪಾಸಿಯನನಿಗೆ ಚಕ್ರವರ್ತಿ ಪದವಿಯನ್ನು ಮುನ್ನುಡಿದನು. 69ರಲ್ಲಿ ಅದು ನಿಜವಾಗಿ, ಅವನ ಸಂಕೋಲೆ ಕಳಚಿತು.

ಮರುವರ್ಷ ವೆಸ್ಪಾಸಿಯನನ ಮಗ ತೀತನು ಜೆರುಸಲೇಮನ್ನು ಮುತ್ತಿದಾಗ, ತಂದೆತಾಯಿಗಳಿದ್ದ ಆ ನಗರದ ಗೋಡೆಯ ಹೊರಗೆ ನಿಂತು ಶರಣಾಗಿರೆಂದು ಅವನು ಬೇಡಿದನು. ಒಳಗಿನಿಂದ ಬಂದ ಕಲ್ಲು ಅವನ ತಲೆಗೆ ತಗುಲಿತು. ದೇವಾಲಯ ಸುಟ್ಟು ಬೂದಿಯಾಯಿತು. ಶಿಲುಬೆಗೇರಿಸಿದ್ದ ಬಂದಿಗಳ ನಡುವೆ ತನ್ನ ಮೂವರು ಪರಿಚಿತರನ್ನು ಕಂಡು, ಕಣ್ಣೀರಿಟ್ಟು ತೀತನನ್ನು ಬೇಡಿ ಇಳಿಸಿದನು, ಬದುಕಿದವನು ಒಬ್ಬನೇ.

ರೋಮಿನಲ್ಲಿ ಅವನಿಗೆ ಪೌರತ್ವ, ಮನೆ, ವರ್ಷಾಶನ ದೊರೆತವು. ದೇವರೇ ರೋಮಿಗೆ ಆಧಿಪತ್ಯವನ್ನಿತ್ತನೆಂದೂ ಕೆಲವರ ಹುಚ್ಚಿನಿಂದ ನಾಡು ಹಾಳಾಯಿತೆಂದೂ ಯುದ್ಧದ ಚರಿತ್ರೆಯಲ್ಲಿ ಬರೆದನು. ಫ್ಲೋರಸನಂಥವರ ದುರಾಶೆಯನ್ನು ಮಾತ್ರ ಮುಚ್ಚಿಡಲಿಲ್ಲ. ಸ್ವಜನರು ಅವನನ್ನು ದ್ರೋಹಿಯೆಂದರು. ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅರಮನೆಯ ಅನ್ನ ಉಂಡವನು ಪೂರ್ವಜರ ಧರ್ಮವನ್ನು ತೊರೆಯಲಿಲ್ಲ. 93-94ರಲ್ಲಿ ಮುಗಿಸಿದ 20 ಸಂಪುಟಗಳಲ್ಲಿ ತನ್ನ ಜನಾಂಗದ ಪ್ರಾಚೀನತೆಯನ್ನು ಗ್ರೀಕರಿಗೂ ರೋಮನರಿಗೂ ಪ್ರತಿಪಾದಿಸಿದನು. ಸ್ನಾನಿಕ ಯೊವಾನ್ನರ ಮರಣವೂ, ಪ್ರಭುವಿನ ಸೋದರನೆನಿಸಿದ ಯಕೋಬರನ್ನು 62ರಲ್ಲಿ ಕಲ್ಲೆಸೆದು ಕೊಂದುದೂ ಅಲ್ಲಿ ದಾಖಲಾಗಿವೆ. ಯೇಸುವಿನ ಕುರಿತ ಭಾಗಕ್ಕೆ ಅನಂತರದ ಕ್ರೈಸ್ತ ಲಿಪಿಕಾರರ ಕೈ ಸೋಕಿದೆಯೆಂದು ಬಹುಪಾಲು ವಿದ್ವಾಂಸರ ಮತ.

100ರ ಸುಮಾರಿಗೆ ಜೋಸೆಫಸ್ ತೀರಿಕೊಂಡನು. ಅವನ ಗ್ರೀಕ್ ಗ್ರಂಥಗಳನ್ನು ಶತಮಾನಗಳ ಕಾಲ ಪ್ರತಿಮಾಡಿ ಉಳಿಸಿದವರು ಕ್ರೈಸ್ತರೇ.