ಸ್ನೇಹವೆಂಬ ತಲಾಂತು

ದೊಡ್ಡವರ ಪರಿಚಯವು ಆತ್ಮಕ್ಕೆ ಉರುಲೋ, ದೇವರು ಕೊಟ್ಟ ತಲಾಂತೋ? ವಿಲ್ಯಮ್ ವಿಲ್ಬರ್‌ಫೋರ್ಸರ ಜೀವಿತದಿಂದ ನಾವು ಇದನ್ನು ವಿಚಾರಿಸೋಣ.

ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ 1759ರಲ್ಲಿ ಹುಟ್ಟಿದ ಇವರು ಪಾರ್ಲಿಮೆಂಟಿನ ಸದಸ್ಯರೂ ಪ್ರಧಾನಮಂತ್ರಿ ಪಿಟ್ಟರ ಆಪ್ತಮಿತ್ರರೂ ಆಗಿದ್ದರು. 1785ರಲ್ಲಿ ಮನಸ್ಸು ದೇವರ ಕಡೆಗೆ ತಿರುಗಲಾಗಿ, ಈ ಸಹವಾಸವನ್ನೆಲ್ಲಾ ತೊರೆಯಬೇಕೋ ಎಂದು ಕಳವಳಗೊಂಡರು. ಹಿಂದೆ ಗುಲಾಮರ ಹಡಗಿನ ಕಪ್ತಾನರಾಗಿದ್ದ ಬೋಧಕ ಜಾನ್ ನ್ಯೂಟನ್ನರು, ಇದ್ದ ಸ್ಥಾನದಲ್ಲಿಯೇ ಉಳಿದು ಸೇವಿಸುವಂತೆ ಬುದ್ಧಿ ಹೇಳಿದರು.

ಆಫ್ರಿಕದ ಜನರನ್ನು ಮಾರುವ ವ್ಯಾಪಾರವನ್ನು ನಿಲ್ಲಿಸುವ ಕಾರ್ಯವನ್ನು ಇವರು 1787ರಲ್ಲಿ ಕೈಕೊಂಡರು. ಕ್ಲಾರ್ಕ್‌ಸನ್ನರು ರೇವುಗಳನ್ನು ಸುತ್ತಿ ನಾವಿಕರಿಂದ ಸಾಕ್ಷ್ಯವನ್ನು ಕೂಡಿಸಿದರು. ಥಾರ್ನ್‌ಟನ್ನರು ಲಂಡನ್ನಿನ ಬಳಿಯ ಕ್ಲಾಪಮಿನಲ್ಲಿದ್ದ ತಮ್ಮ ಮನೆಯನ್ನು ಮಿತ್ರರ ಆಲೋಚನೆಗೆ ತೆರೆದರು. 1791ರಲ್ಲಿ 163 ಮತಗಳಿಗೆದುರಾಗಿ 88 ಮಾತ್ರ ದೊರೆತವು. ಆದರೂ ಸ್ನೇಹಿತರು ಚದರಲಿಲ್ಲ. 1807ರಲ್ಲಿ 283 ಮತಗಳು ಬಂದವು, ವಿರೋಧವಾಗಿ 16 ಮಾತ್ರ. ಆ ವ್ಯಾಪಾರವು ಕಾಯಿದೆಯಿಂದ ನಿಷೇಧಿಸಲ್ಪಟ್ಟಿತು. 1833ರ ಜುಲೈಯಲ್ಲಿ, ಗುಲಾಮರ ಬಿಡುಗಡೆಯ ಮಸೂದೆಯು ಕೆಳಮನೆಯಲ್ಲಿ ಅಂಗೀಕಾರವಾಗುವುದು ಖಂಡಿತವೆಂದು ಕೇಳಿದ ಮೂರು ದಿನಗಳಿಗೆ ಇವರು ನಿದ್ರೆಹೋದರು.

ಊರ ದೊಡ್ಡವರ ಪರಿಚಯವು ನಮಗೂ ಉಂಟಷ್ಟೆ. ಅದನ್ನು ನಮ್ಮ ಹೊಲದ ಬೇಲಿಗಾಗಿ ಮಾತ್ರ ಉಪಯೋಗಿಸುವೆವೋ, ಮಾತಾಡಲು ಧೈರ್ಯವಿಲ್ಲದ ಬಡ ನೆರೆಯವನಿಗಾಗಿಯೂ ಉಪಯೋಗಿಸುವೆವೋ?