ಉಳಿದ ಶಕ್ತಿಯನ್ನು ಅರಸಿದ ವೈದ್ಯ: ಸರ್ ಲುಡ್ವಿಗ್ ಗುಟ್ಮನ್

ಬೆನ್ನುಹುರಿ ಜಖಂಗೊಂಡವನಿಗೆ ಬಾಳಿಲ್ಲವೆಂದು ವೈದ್ಯಲೋಕವು ಬಹುಕಾಲ ಕೈಚೆಲ್ಲಿ ಕುಳಿತಿತ್ತು. ಆ ನಿರಾಶೆಯನ್ನು ತಮ್ಮ ಜೀವಮಾನದ ದುಡಿಮೆಯಿಂದ ಹುಸಿಗೊಳಿಸಿದವರಲ್ಲಿ ಸರ್ ಲುಡ್ವಿಗ್ ಗುಟ್ಮನ್ನರು ಅಗ್ರಗಣ್ಯರು.

ಅವರು 1899ರ ಜುಲೈ 3ರಂದು ಅಂದಿನ ಜರ್ಮನಿಯ ಟೋಸ್ಟ್ ಎಂಬ ಊರಿನ ಯಹೂದಿ ಮನೆತನದಲ್ಲಿ ಜನಿಸಿದರು. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನು ಮುರಿದ ಗಣಿಕಾರ್ಮಿಕನೊಬ್ಬನು ಐದು ವಾರಗಳಲ್ಲಿ ಮಡಿದುದನ್ನು ಕಂಡರು. ಆ ನೋಟವು ಅವರ ಮನಸ್ಸಿನಿಂದ ಅಳಿಯಲಿಲ್ಲ. 1924ರಲ್ಲಿ ವೈದ್ಯಪದವಿ ಪಡೆದು, ಬ್ರೆಸ್ಲಾವ್ ನಗರದಲ್ಲಿ ಒಟ್‌ಫ್ರಿಡ್ ಫೋರ್‌ಸ್ಟರ್ ಅವರ ಬಳಿ ನರರೋಗ ಚಿಕಿತ್ಸೆಯಲ್ಲಿ ಪಳಗಿದರು. 1933ರಲ್ಲಿ ನಾಜಿ ಆಡಳಿತವು ಅವರನ್ನು ಹುದ್ದೆಯಿಂದ ತಳ್ಳಿತು. 1938ರ ನವೆಂಬರ್‌ನ ಭೀಕರ ರಾತ್ರಿ ತಮ್ಮ ಯಹೂದಿ ಆಸ್ಪತ್ರೆಗೆ ಓಡಿಬಂದ 64 ಜನರನ್ನು ರೋಗಿಗಳೆಂದು ದಾಖಲಿಸಿಕೊಂಡು, ಅವರಲ್ಲಿ 60 ಜನರನ್ನು ಬಂಧನದಿಂದ ಉಳಿಸಿದರು. ಮರುವರ್ಷ ಸಂಸಾರದೊಡನೆ ಇಂಗ್ಲೆಂಡನ್ನು ಸೇರಿದರು.

1944ರ ಫೆಬ್ರುವರಿ 1ರಂದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಚಿಕಿತ್ಸಾ ಕೇಂದ್ರವು ಅವರ ನೇತೃತ್ವದಲ್ಲಿ ಆರಂಭವಾಯಿತು. ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕು ರೋಗಿಯ ಪ್ರಾಣ ಹೀರುತ್ತಿದ್ದವು. ಗುಟ್ಮನ್ನರು ಹಗಲಿರುಳು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕಟ್ಟುನಿಟ್ಟಾದ ನಿಯಮವನ್ನು ತಂದರು. ಬದುಕುಳಿದವರಿಗೆ ಕಸುಬನ್ನೂ ಕ್ರೀಡೆಯನ್ನೂ ಕಲಿಸಿದರು. 1948ರ ಜುಲೈ 29ರಂದು ಗಾಲಿಕುರ್ಚಿಯ 16 ಮಂದಿ ಅಲ್ಲಿ ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಅದೇ 1960ರ ರೋಮ್ ಪ್ಯಾರಾಲಿಂಪಿಕ್ ಕ್ರೀಡಾಕೂಟಕ್ಕೆ ಬೀಜವಾಯಿತು.

ಚಿಕಿತ್ಸೆ ಫಲಿಸಿತೇ ಎಂದರಿಯಲು ಅಳತೆಗೋಲು ಬೇಕಷ್ಟೆ. ಅವರ ಸಹವೈದ್ಯ ಹ್ಯಾನ್ಸ್ ಫ್ರಾಂಕೆಲ್ ಮತ್ತು ಸಂಗಡಿಗರು ಆ ಕೇಂದ್ರದ 682 ರೋಗಿಗಳ ವಿವರವನ್ನು ಪರಿಶೀಲಿಸಿ 1969ರಲ್ಲಿ ಐದು ದರ್ಜೆಗಳನ್ನು ಪ್ರಕಟಿಸಿದರು. ಪೆಟ್ಟಿನ ಕೆಳಗೆ ಸ್ಪರ್ಶವೂ ಚಲನೆಯೂ ಇಲ್ಲದ್ದು ಎ, ಸ್ಪರ್ಶ ಮಾತ್ರ ಉಳಿದದ್ದು ಬಿ, ಉಪಯೋಗಕ್ಕೆ ಬಾರದಷ್ಟು ಚಲನೆಯುಳ್ಳದ್ದು ಸಿ, ಉಪಯುಕ್ತ ಚಲನೆಯುಳ್ಳದ್ದು ಡಿ, ಚೇತರಿಸಿದ್ದು ಇ. ರೋಗಿಯು ಬಂದಾಗಿನ ದರ್ಜೆಯನ್ನು ಹೊರಡುವಾಗಿನ ದರ್ಜೆಯೊಡನೆ ಹೋಲಿಸಿದರೆ ಪ್ರಗತಿಯು ತಿಳಿಯುತ್ತಿತ್ತು. ಆದರೆ ಉಪಯುಕ್ತವೆಂಬ ಮಾತನ್ನು ಒಬ್ಬೊಬ್ಬ ವೈದ್ಯನು ಒಂದೊಂದು ಬಗೆಯಾಗಿ ಅರ್ಥೈಸಬಹುದಾಗಿತ್ತು. ಆದುದರಿಂದ 1992ರಲ್ಲಿ ಅಮೆರಿಕದ ತಜ್ಞರ ಸಂಘವು ಸ್ನಾಯುಬಲವನ್ನು ಅಂಕಿಗಳಲ್ಲಿ ಅಳೆದು ದರ್ಜೆಗಳನ್ನು ತಿದ್ದಿತು. ಬೆನ್ನುಹುರಿಯ ತುತ್ತತುದಿಯ ಭಾಗಕ್ಕೆ ಸೇರಿದ ಗುದದ ಸುತ್ತ ಲೇಶ ಸ್ಪರ್ಶಜ್ಞಾನ ಉಳಿದಿದ್ದರೂ ಗಾಯವು ಅಪೂರ್ಣವೆಂದೂ, ಚೇತರಿಕೆಗೆ ಹೆಚ್ಚಿನ ಅವಕಾಶವುಂಟೆಂದೂ ಎಣಿಸಲಾಗುತ್ತದೆ.

1966ರಲ್ಲಿ ಸರ್ ಪದವಿಗೆ ಪಾತ್ರರಾದ ಗುಟ್ಮನ್ನರು 1980ರ ಮಾರ್ಚ್ 18ರಂದು ನಿಧನರಾದರು. ಕಳೆದುಹೋದುದಕ್ಕೆ ಮರುಗುತ್ತ ಕೂರದೆ ಉಳಿದಿರುವುದನ್ನು ಹುಡುಕಿ ಬೆಳೆಸುವುದೇ ಅವರು ಬಾಳಿ ತೋರಿದ ದಾರಿ. ವೈದ್ಯನಿಗೆ ಸಲ್ಲುವ ಈ ಪಾಠವು ಶಿಕ್ಷಕನಿಗೂ ಸಲ್ಲತಕ್ಕದ್ದು.