ಕುಂಭಮೇಳದಲ್ಲಿ ಗಾಂಧೀಜಿ

ಮೋಹನದಾಸ ಕರಮಚಂದ ಗಾಂಧಿಯವರು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು, 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿನ ಭಾರತೀಯರ ಹಕ್ಕುಗಳಿಗಾಗಿ ಹೋರಾಡಿ, 1915ರ ಜನವರಿಯಲ್ಲಿ ತಾಯ್ನಾಡಿಗೆ ಮರಳಿದರು.

ಆ ವರ್ಷ ಹರಿದ್ವಾರದಲ್ಲಿ ಕುಂಭಮೇಳ. ಯಾತ್ರಿಕರ ನೆರವಿಗೆ ಹೃದಯನಾಥ ಕುಂಜ್ರು ಅವರ ಸ್ವಯಂಸೇವಕರು ಸಿದ್ಧರಾಗಿದ್ದರು. ದಕ್ಷಿಣ ಆಫ್ರಿಕದಿಂದ ಬಂದಿದ್ದ ತಮ್ಮ ಫೀನಿಕ್ಸ್ ಆಶ್ರಮದ ಬಳಗದೊಂದಿಗೆ ಗಾಂಧೀಜಿಯೂ ಸೇವೆಗೆ ಹೋದರು. ಕೂಲಿಯವರಿಂದ ಮಾಡಿಸಬೇಕಿದ್ದ ಕೆಲಸವನ್ನೇ ಕೇಳಿ ಪಡೆದರು: ಶೌಚದ ಗುಂಡಿಗಳಿಗೆ ಮಣ್ಣು ಮುಚ್ಚಿ ಶುಚಿಯಾಗಿಡುವುದು.

ಆದರೆ ಅವರ ಹೋರಾಟದ ಸುದ್ದಿ ಆಗಲೇ ಎಲ್ಲೆಡೆ ಹಬ್ಬಿತ್ತು. ದರ್ಶನಕ್ಕೆ ಬಂದ ಜನ ಅವರಿಗೆ ಒಂದು ಗಳಿಗೆ ಬಿಡುವು ಕೊಡಲಿಲ್ಲ, ಸ್ನಾನಘಟ್ಟಕ್ಕೂ ಹಿಂಬಾಲಿಸಿದರು. ಸೇವೆಗೆಂದು ಬಂದವರು ಡೇರೆಯಲ್ಲೇ ಕೂರಬೇಕಾಯಿತು. ಒಪ್ಪಿಕೊಂಡ ಕೆಲಸವನ್ನು ನಡೆಸಿಕೊಟ್ಟವರು ಮಗನಲಾಲ ಗಾಂಧಿ ಮತ್ತು ಸಂಗಡಿಗರು. ಇದು ಗಾಂಧೀಜಿಯವರನ್ನು ಬಹಳ ಕಾಡಿತು. ತಮ್ಮ ಉಪಚಾರಕ್ಕಾಗಿ ಇತರರು ಖರ್ಚು, ಶ್ರಮ ಪಡಬಾರದೆಂದು ಅಲ್ಲೇ ವ್ರತ ತೊಟ್ಟರು: ದಿನಕ್ಕೆ ಐದೇ ಪದಾರ್ಥ, ಕತ್ತಲಾದ ಮೇಲೆ ಊಟವಿಲ್ಲ. ಅದನ್ನು ವರ್ಷಗಟ್ಟಲೆ ಪಾಲಿಸಿದರು.

1948ರ ಜನವರಿ 30ರಂದು ದೆಹಲಿಯಲ್ಲಿ ಪ್ರಾರ್ಥನೆಗೆ ಹೊರಟಿದ್ದಾಗ ಗುಂಡೇಟಿಗೆ ಬಲಿಯಾದರು.

ಇಂದು ಪ್ರಮಾಣಪತ್ರ ಪಡೆಯುತ್ತಿರುವ ನಮ್ಮ ಮಕ್ಕಳೆಲ್ಲರಿಗೂ ಗಾಂಧೀಜಿಯ ಹೆಸರು ಗೊತ್ತು. ಗುಂಡಿಗೆ ಮಣ್ಣು ಮುಚ್ಚಿಸಿದ ಮಗನಲಾಲರ ಹೆಸರನ್ನೂ ಅವರಿಗೆ ಹೇಳಿಕೊಡೋಣ. ವೇದಿಕೆ ಹತ್ತದೆಯೂ ದೊಡ್ಡ ಕೆಲಸ ಮಾಡಬಹುದೆಂಬುದು ಅವರಿಗೆ ತಿಳಿದಿರಲಿ.